ಹಾಲಿಲ್ಲದೆ ಮಕ್ಕಳನ್ನು ಬೆಳೆಸಿದವರು ಯಾರಾದರೂ ಇದ್ದೀರಾ?

ಕೇಳಿದವರು, ಕೊಪ್ಪಳದಿಂದ:

ಮಗಳಿಗೆ ನಾಲ್ಕು ವರ್ಷ. ಮಗನಿಗೆ ಹದಿನಾಲ್ಕು ತಿಂಗಳು, ಇನ್ನೂ ಎದೆಹಾಲು ಕುಡಿಯುತ್ತಾನೆ. ಮೂರು ವರ್ಷದಿಂದ ನಾವು ವೀಗನ್. ಮೊಟ್ಟೆ, ಮಾಂಸ ಮೊದಲಿನಿಂದಲೂ ಇರಲಿಲ್ಲ, ಈಗ ಹಾಲು, ಮೊಸರು, ತುಪ್ಪ, ಜೇನುತುಪ್ಪವೂ ಇಲ್ಲ. ಅತ್ತೆಗೆ ಇದು ಹಿಡಿಸಿಲ್ಲ. "ಹಾಲಿಲ್ದ ಕೂಸಿನ ಎಲುಬು ಹೆಂಗ ಗಟ್ಟಿ ಆಗ್ತಾವು?" ಅಂತ ದಿನಾ ಕೇಳುತ್ತಾರೆ. ಗವಿಮಠದ ಜಾತ್ರೆಗೆ ಬಂದಿದ್ದ ಚಿಗವ್ವ ಮಾದಲಿಗೆ ಹಾಲು, ತುಪ್ಪ ಸುರಿದು ಮಗಳಿಗೆ ಉಣಿಸಿಯೇ ಬಿಟ್ಟರು. ದೊಡ್ಡ ಜಗಳ ಆಯಿತು. ನೀವೆಲ್ಲ ಹೇಗೆ ನಿಭಾಯಿಸಿದಿರಿ?

ಗಂಗಾವತಿಯಿಂದ, 9 ಮತ್ತು 6 ವರ್ಷದ ಮಕ್ಕಳ ತಾಯಿ:

ತಂಗಿ, ಮೊದಲು ಒಂದು ಮಾತು. ವಿಟಮಿನ್ ಬಿ12 ಕೊಡುತ್ತಿದ್ದೀರಾ? ಇಲ್ಲ ಅಂದರೆ ನಿಮ್ಮ ಅತ್ತೆಯ ಭಯ ಸುಳ್ಳಲ್ಲ. ಅದು ಕಾಳಿನಲ್ಲೂ ಇಲ್ಲ, ಸೊಪ್ಪಿನಲ್ಲೂ ಇಲ್ಲ. ಸ್ಪಿರುಲಿನಾ ಅನ್ನೋ ಪಾಚಿ ಪುಡಿಯನ್ನು ನಂಬಿ ಕೂರಬೇಡಿ. ಹನಿಯೋ ಮಾತ್ರೆಯೋ, ಮಕ್ಕಳ ಡಾಕ್ಟರ ಹತ್ತಿರ ಪ್ರಮಾಣ ಕೇಳಿ ಶುರು ಮಾಡಿ. ವಿಟಮಿನ್ ಡಿ ಬಗ್ಗೆಯೂ ಆಗಲೇ ಕೇಳಿ. ಅಂಗಡಿಯಲ್ಲಿ ಸಿಗುವ ಡಿ3 ಹೆಚ್ಚಾಗಿ ಕುರಿ ಉಣ್ಣೆಯ ಜಿಡ್ಡಿನಿಂದ ಬಂದಿರುತ್ತದೆ. ಬೇಡ ಅನಿಸಿದರೆ ಡಿ2 ಇದೆ.

ಇನ್ನು ಜಗಳದ ವಿಷಯ. ನಾನು ಎರಡು ವರ್ಷ ಮೊಬೈಲ್ ಹಿಡಿದು ವಾದ ಮಾಡಿದೆ. ಅಮೆರಿಕದ ಆಹಾರ ತಜ್ಞರ ಸಂಸ್ಥೆ 2016ರಲ್ಲಿ ಹೇಳಿತ್ತಲ್ಲ, ಸರಿಯಾಗಿ ಯೋಜಿಸಿದ ವೀಗನ್ ಊಟ ಕೂಸಿನಿಂದ ಮುದುಕರವರೆಗೆ ಎಲ್ಲರಿಗೂ ಆಗುತ್ತದೆ ಅಂತ, ಅದನ್ನೇ ಓದಿ ಹೇಳುತ್ತಿದ್ದೆ. ಅದೇ ಸಂಸ್ಥೆ 2025ರಲ್ಲಿ ಕೊಟ್ಟ ಹೊಸ ಹೇಳಿಕೆ ದೊಡ್ಡವರ ಬಗ್ಗೆ ಮಾತ್ರ ಮಾತಾಡುತ್ತದೆ. ಹಾಗಾಗಿ ಆ ಕಾಗದ ಈಗ ಬೀಸಬೇಡಿ. ಹೇಗೂ ನಮ್ಮತ್ತೆ ಅದನ್ನು ಕೇಳಿಸಿಕೊಳ್ಳಲೇ ಇಲ್ಲ.

ಕೆಲಸ ಮಾಡಿದ್ದು ಪಂಚಮಿ. ಅತ್ತೆ ಒಲೆ ಮುಂದೆ ಕೂತು ಎಳ್ಳು ಹುರಿಯುತ್ತಿದ್ದರು. ಬೆಲ್ಲದ ಪಾಕವನ್ನು ನೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು, ಬೆರಳಲ್ಲಿ ಉರುಳಿಸಿ ನೋಡಿ, "ಆತು, ಇಳಸು" ಅಂದರು. ಕೈಗೆ ನೀರು ಹಚ್ಚಿಕೊಂಡು ಬಿಸಿ ಇದ್ದಾಗಲೇ ಉಂಡಿ ಕಟ್ಟಿದರು. "ತುಪ್ಪ ಹಾಕಲ್ವಾ?" ಅಂದೆ. "ಎಳ್ಳುಂಡಿಗೆ ಯಾಕ ಬೇಕ ತುಪ್ಪ? ಎಳ್ಳಾಗ ಎಣ್ಣಿ ಇಲ್ಲೇನು?" ಅಂದರು. ಆಮೇಲೆ ಇಬ್ಬರಿಗೂ ನಗು ಬಂತು. ಶೇಂಗಾ ಉಂಡಿ, ಪುಟಾಣಿ ಉಂಡಿ, ಎಳ್ಳಮಾವಾಸ್ಯೆಯ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಎಲ್ಲಾ ಅವರದೇ ಅಡುಗೆ. ಯಾವುದಕ್ಕೂ ಹಾಲು ಬೇಡ. ಅವತ್ತಿನಿಂದ ಮೊಮ್ಮಕ್ಕಳ ಉಂಡಿ ಡಬ್ಬಿ ಅವರ ಸುಪರ್ದಿ. ನಾನು ಬಾಯಿ ಹಾಕುವುದಿಲ್ಲ.

ನೂರು ಗ್ರಾಂ ಎಳ್ಳಿನಲ್ಲಿ ಸಾವಿರ ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ರಾಗಿಯಲ್ಲಿ 350ರ ಹತ್ತಿರ. ಆದರೆ ಯಾವ ಮಗು ನೂರು ಗ್ರಾಂ ಎಳ್ಳು ತಿನ್ನುತ್ತೆ? ತಿಂದರೂ ಎಲ್ಲಾ ಮೈಗೆ ಹತ್ತುವುದಿಲ್ಲ. ಅದಕ್ಕೆ ಕ್ಯಾಲ್ಸಿಯಂ, ಬಿ12 ಸೇರಿಸಿದ ಸೋಯಾ ಹಾಲನ್ನೂ ಕೊಡುತ್ತೇನೆ. ಪೊಟ್ಟಣದ ಹಿಂದೆ ಓದಿ ತನ್ನಿ. ಬಾದಾಮಿ ಹಾಲು, ಅಕ್ಕಿ ಹಾಲಿನಲ್ಲಿ ಪ್ರೋಟೀನ್ ಬಹಳ ಕಡಿಮೆ. ವರ್ಷ ತುಂಬದ ಕೂಸಿಗಂತೂ ಇವು ಯಾವುವೂ ಎದೆಹಾಲಿನ ಬದಲಿಗೆ ಆಗುವುದಿಲ್ಲ.

ನನ್ನ ತಪ್ಪೂ ಹೇಳುತ್ತೇನೆ. ದೊಡ್ಡವನಿಗೆ ಎರಡು ವರ್ಷ ಇದ್ದಾಗ ಬರೀ ಕಾಳು, ಸೊಪ್ಪು, ಹಣ್ಣು. ಹೊಟ್ಟೆ ಬೇಗ ತುಂಬುತ್ತಿತ್ತು, ತೂಕ ಮಾತ್ರ ಏರಲಿಲ್ಲ. "ಇಷ್ಟು ನಾರು ತುಂಬಿದರೆ ಇಷ್ಟೇ ಇಷ್ಟು ಹೊಟ್ಟೆಯಲ್ಲಿ ಜಾಗ ಎಲ್ಲಿದೆ, ಎಣ್ಣೆ ಹಾಕ್ರಿ" ಅಂದರು ಡಾಕ್ಟರು. ಆಮೇಲೆ ಮೆತ್ತಗೆ ಬೇಯಿಸಿದ ಹೆಸರುಬೇಳೆ ಅನ್ನಕ್ಕೆ ಎರಡು ಚಮಚ ಶೇಂಗಾ ಎಣ್ಣೆ, ಬಿಸಿ ರೊಟ್ಟಿ ಮುರಿದು ಅದಕ್ಕೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಎಣ್ಣೆ ಕಲಸಿ ಕೊಟ್ಟೆ. ಮೂರು ತಿಂಗಳಲ್ಲಿ ತೂಕದ ಕಾರ್ಡಿನ ಗೆರೆ ಮೇಲೆ ಹೋಯಿತು. ಇಡೀ ಶೇಂಗಾ ಮಾತ್ರ ಸಣ್ಣವರಿಗೆ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಪುಡಿ ಮಾಡಿಯೇ ಕೊಡಿ. ಮಡಕಿಕಾಳು ಪಲ್ಯಕ್ಕೆ ನಿಂಬೆ ಹಿಂಡಿದರೆ ಕಬ್ಬಿಣದ ಅಂಶ ಚೆನ್ನಾಗಿ ಹತ್ತುತ್ತೆ. ಊಟದ ಜೊತೆ ಚಹಾ ಬೇಡ. ಉಪ್ಪು ಅಯೋಡಿನ್ ಇರುವುದೇ ಇರಲಿ.

ಮೊಸರಿಗೆ ಶೇಂಗಾ ಮೊಸರು ಮಾಡುತ್ತೇನೆ. ರಾತ್ರಿ ನೆನೆಸಿ, ಸಿಪ್ಪೆ ತೆಗೆದು, ನುಣ್ಣಗೆ ರುಬ್ಬಿ, ಸೋಸಿ, ಕುದಿಸಬೇಕು. ಉಗುರು ಬೆಚ್ಚಗಾದಾಗ ಏಳೆಂಟು ಮೆಣಸಿನಕಾಯಿ ತೊಟ್ಟು ಹಾಕಿ ಮುಚ್ಚಿಡಬೇಕು. ಮೊದಲ ಸಲ ನೀರುನೀರು. ಅದನ್ನೇ ಹೆಪ್ಪು ಹಾಕಿದರೆ ಎರಡನೇ ಸಲ ಗಟ್ಟಿ. ಕ್ಯಾಲ್ಸಿಯಂಗಲ್ಲ ಇದು, ಸುಮ್ನೆ ಮೊಸರನ್ನದ ಆಸೆಗೆ.

ಸಿಂಧನೂರಿನಿಂದ:

ನೀವು ಎದೆಹಾಲು ಕೊಡುತ್ತಿದ್ದೀರಿ ಅಂದಿರಿ, ಅದಕ್ಕೆ ಬರೆಯುತ್ತಿದ್ದೇನೆ. ನಿಮ್ಮ ರಕ್ತ ಪರೀಕ್ಷೆ ಮಾಡಿಸಿದ್ದೀರಾ? ನಾನು ಬಸುರಿ ಇದ್ದಾಗ ಸರ್ಕಾರದ ಕಬ್ಬಿಣದ ಮಾತ್ರೆ ತಪ್ಪದೆ ನುಂಗಿದೆ, ಎಲ್ಲಾ ಸರಿ ಇದೆ ಅಂದುಕೊಂಡೆ. ಅದರಲ್ಲಿ ಇರುವುದು ಕಬ್ಬಿಣ, ಫೋಲಿಕ್ ಆಸಿಡ್. ಬಿ12 ಇಲ್ಲ. ಮಗಳು ಎಂಟು ತಿಂಗಳಿಗೆ ಕೂರಲಿಲ್ಲ, ಮೊದಲು ನಗುತ್ತಿದ್ದವಳು ನಗುವುದನ್ನೂ ಬಿಟ್ಟಳು. ನನ್ನಲ್ಲೇ ಬಿ12 ಇರಲಿಲ್ಲ, ನನ್ನ ಹಾಲಿನಲ್ಲಿ ಎಲ್ಲಿಂದ ಬರಬೇಕು? ಇಬ್ಬರಿಗೂ ಇಂಜೆಕ್ಷನ್ ಆಯಿತು. ಈಗ ಓಡಾಡುತ್ತಾಳೆ. ತಡ ಆಗಿದ್ದರೆ ಮಿದುಳಿಗೆ ಪೆಟ್ಟು ಬೀಳುತ್ತಿತ್ತು ಅಂದರು. ಇದನ್ನು ಮನೆಯಲ್ಲಿ ಮುಚ್ಚಿಡಬೇಕು ಅನಿಸಿತ್ತು, "ನಾ ಹೇಳಿದ್ನೆಲ್ಲೋ" ಅನ್ನೋ ಮಾತು ಕೇಳಬೇಕಲ್ಲ. ಕೇಳಿಸಿಕೊಂಡೆ.

ರಾಯಚೂರಿನಿಂದ, ಒಬ್ಬ ತಂದೆ:

ಮಗಳು ಶಾಲೆಗೆ ಸೇರಿದ ಮೇಲೆ ಇನ್ನೊಂದು ಅಧ್ಯಾಯ. ಕ್ಷೀರಭಾಗ್ಯದ ಹಾಲು 2013ರಿಂದ ಇದೆ, ನಮ್ಮ ಕಡೆ ಜಿಲ್ಲೆಗಳಲ್ಲಿ 2021ರ ಡಿಸೆಂಬರ್‌ನಿಂದ ಮೊಟ್ಟೆಯೂ ಬಂತು. ಮೊಟ್ಟೆ ಬೇಡ ಅಂದರೆ ಬಾಳೆಹಣ್ಣು ಸಿಗುತ್ತೆ, ತೊಂದರೆ ಇಲ್ಲ. ಹಾಲು ಬೇಡ ಅಂತ ಹೆಡ್ ಮಾಸ್ತರರಿಗೆ ಚೀಟಿ ಬರೆದು ಕೊಟ್ಟೆ. ಅವರು ಒಪ್ಪಿದರು. ಮಗಳೇ ಒಪ್ಪಲಿಲ್ಲ! ಲೋಟ ಹಿಡಿದ ಸಾಲಿನಲ್ಲಿ ತಾನೊಬ್ಬಳೇ ಹೊರಗೆ ನಿಲ್ಲುವುದು ಅವಳಿಗೆ ಅವಮಾನ. ಈಗ ಶಾಲೆಯಲ್ಲಿ, ಬರ್ತ್‌ಡೇಗಳಲ್ಲಿ ಅವಳ ಇಷ್ಟ. ಮನೆಯಲ್ಲಿ ನಮ್ಮ ಪದ್ಧತಿ. ಕಟ್ಟಾ ವೀಗನ್‌ಗಳು ಬೈಯಬಹುದು, ಬೈಯಲಿ. ಆ ಮಾದಲಿ ವಿಷಯವನ್ನೂ ಬಿಟ್ಟುಬಿಡಿ ಮೇಡಂ. ಒಂದು ತುತ್ತಿಗೆ ಮಗುವಿನ ಮುಂದೆ ಜಗಳ ಆಡಿದರೆ ಅದಕ್ಕೆ ನೆನಪಿರುವುದು ಜಗಳ ಮಾತ್ರ.

ಬಳ್ಳಾರಿಯಿಂದ, ಒಬ್ಬ ಅಜ್ಜಿ:

ನಾನು ಅತ್ತೆ ಕಡೆಯವಳಮ್ಮ. ನಮ್ಮ ಕಾಲದಲ್ಲಿ ಮಗು ಸೊರಗಿದರೆ ಹಾಲು ಕೊಡು ಅನ್ನೋದು ಬಿಟ್ಟು ಬೇರೆ ಗೊತ್ತಿರಲಿಲ್ಲ. ಮನೆಯಲ್ಲಿ ಎಮ್ಮೆ ಕಟ್ಟಿದ್ದೇ ಮೊಮ್ಮಕ್ಕಳಿಗಾಗಿ. ಸೊಸೆ "ಅದು ಕ್ರೌರ್ಯ" ಅಂದಾಗ ನನ್ನನ್ನೇ ಕ್ರೂರಿ ಅಂದ ಹಾಗಾಯಿತು. ಆರು ತಿಂಗಳು ಮಾತಿಲ್ಲ. ಕೊನೆಗೆ ಅವಳು ನನ್ನನ್ನೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಎತ್ತರ, ತೂಕ ಅಳೆದು, ರಕ್ತದ ರಿಪೋರ್ಟ್ ನೋಡಿ, ನನ್ನ ಮುಖ ನೋಡಿಯೇ "ಚೆನ್ನಾಗಿದೆ" ಅಂದರು. ನಿಮ್ಮ ಅತ್ತೆಯನ್ನೂ ಕರೆದುಕೊಂಡು ಹೋಗಿ. ಈಗ ಬಿಸಿಲಿಗೆ ಮಜ್ಜಿಗೆ ಬದಲು ರಾಗಿ ಅಂಬಲಿ ಮಾಡಿ ಕೊಡುತ್ತೇನೆ. ಮಜ್ಜಿಗೆಯಷ್ಟು ರುಚಿ ಇಲ್ಲ, ಅದನ್ನು ಹೇಳಿಯೇ ಹೇಳುತ್ತೇನೆ.

ಕೇಳಿದವರು, ಮತ್ತೆ:

ಎಲ್ಲರಿಗೂ ಥ್ಯಾಂಕ್ಸ್. ಬಿ12 ಮಗಳಿಗೆ ಕೊಡುತ್ತಿದ್ದೆ, ನಾನು ತೆಗೆದುಕೊಳ್ಳುತ್ತಿರಲಿಲ್ಲ. ಸಿಂಧನೂರಿನ ಅಕ್ಕನ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. ಸೋಮವಾರ ನನ್ನದು, ಮಗನದು ಇಬ್ಬರದೂ ರಕ್ತ ಪರೀಕ್ಷೆ. ಅತ್ತೆಯೂ ಬರುತ್ತಾರಂತೆ. ಗಂಗಾವತಿ ಅಕ್ಕಾ, ಮೊಸರಿಗೆ ಹಸಿಮೆಣಸಿನಕಾಯಿ ತೊಟ್ಟೇ ಆಗಬೇಕಾ, ಬ್ಯಾಡಗಿ ಮೆಣಸಿನಕಾಯಿದೂ ನಡೆಯುತ್ತಾ? ನಾನಲ್ಲ, ಅತ್ತೆ ಕೇಳುತ್ತಿದ್ದಾರೆ.

ಗಂಗಾವತಿಯಿಂದ:

ಎರಡೂ ನಡೆಯುತ್ತೆ. ತೊಟ್ಟು ಎಣಿಸಿ ಹಾಕಿ, ಎಣಿಸಿ ತೆಗೆಯಲು ಹೇಳಿ. ನಮ್ಮ ಮನೆಯಲ್ಲಿ ಒಂದು ಮಾವನವರ ತುತ್ತಿಗೆ ಸಿಕ್ಕಿತ್ತು.