ಕಾರಿನ ತಾಂತ್ರಿಕ ಕಡತಗಳು: ಜೋಪಾನವಾಗಿ ಇಟ್ಟದ್ದು ಹುಡುಕಿದಾಗ ಸಿಗುವುದಿಲ್ಲ

ಪ್ರಶ್ನೆ

ಸುಮಾರು 12 ವರ್ಷಗಳಿಂದ ನನ್ನ ಬಳಿಯಿರುವ ಮೂರು ಹಳೆಯ ಕಾರುಗಳ ಕೆಲಸವನ್ನು ಆದಷ್ಟೂ ನಾನೇ ಮಾಡಿಕೊಳ್ಳುತ್ತಿದ್ದೇನೆ. ವರ್ಕ್‌ಶಾಪ್ ಮ್ಯಾನುಯಲ್‌ಗಳ ಸ್ಕ್ಯಾನ್ ಪ್ರತಿಗಳು, ವೈರಿಂಗ್ ನಕ್ಷೆಗಳು, ಬಿಡಿಭಾಗಗಳ ಪಟ್ಟಿಗಳು, ಬಿಚ್ಚುವಾಗ ತೆಗೆದ ಫೋಟೋಗಳು, ಕೈಬರಹದ ಚೀಟಿಗಳು ಎಲ್ಲವೂ ಸೇರಿ ಕಂಪ್ಯೂಟರಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಫೈಲುಗಳಾಗಿವೆ. ಕಂಪನಿ, ಮಾಡೆಲ್, ವರ್ಷ ಎಂಬ ಕ್ರಮದಲ್ಲಿ ಫೋಲ್ಡರ್‌ಗಳನ್ನು ಮಾಡಿದ್ದೇನೆ. ಆದರೂ ಕಳೆದ ವಾರ ರಿವರ್ಸ್ ಲೈಟಿನ ಸ್ವಿಚ್ಚಿಗೆ ಹೋಗುವ ತಂತಿಯ ಬಣ್ಣವನ್ನು ನೋಡಲು ಒಂದು ಸಂಜೆ ಪೂರ್ತಿ ಹಿಡಿಯಿತು. ನನ್ನ ಎರಡು ಕಾರುಗಳಲ್ಲಿ ಒಂದೇ ಗೇರ್‌ಬಾಕ್ಸ್ ಇರುವುದರಿಂದ ಆ ಪುಟವನ್ನು ಇನ್ನೊಂದು ಕಾರಿನ ಫೋಲ್ಡರ್‌ನಲ್ಲಿ ಹಾಕಿಟ್ಟಿದ್ದೆ.

ಇದಕ್ಕಿಂತ ಗಂಭೀರವಾದ ತೊಡಕು ಇನ್ನೊಂದಿದೆ. ಒಂದು ಕಾರಿನ ಸಿಲಿಂಡರ್ ಹೆಡ್ ಬೋಲ್ಟುಗಳ ಟಾರ್ಕ್ (ಬಿಗಿಯುವಾಗ ಹಾಕಬೇಕಾದ ತಿರುಗಿಸುವ ಬಲ) ಎಷ್ಟೆಂದು ಹುಡುಕಿದರೆ ಎರಡು ಉತ್ತರಗಳು ಸಿಗುತ್ತವೆ. ಟೈಪ್ ಮಾಡಿಟ್ಟುಕೊಂಡ ಒಂದು ಪಟ್ಟಿಯಲ್ಲಿ 88 ನ್ಯೂಟನ್-ಮೀಟರ್ ಎಂದಿದೆ, ನನ್ನದೇ ಹಳೆಯ ಚೀಟಿಯಲ್ಲಿ 65 ಎಂದಷ್ಟೇ ಇದೆ. ಯಾವುದನ್ನು ಎಲ್ಲಿಂದ ಬರೆದುಕೊಂಡೆ ಎಂಬುದು ನೆನಪಿಲ್ಲ. ಇಷ್ಟು ಮಾಹಿತಿಯನ್ನು ಯಾವ ಕ್ರಮದಲ್ಲಿ ಇಡಬೇಕು ಮತ್ತು ಹೇಗೆ ಹುಡುಕಬೇಕು ಎಂಬುದನ್ನು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ನಿಮ್ಮ ತೊಡಕಿನ ಮೂಲ ಫೋಲ್ಡರ್‌ಗಳ ಸಂಖ್ಯೆಯಲ್ಲಿಲ್ಲ, ಎಲ್ಲವನ್ನೂ ಮಾಡೆಲ್ ಹೆಸರಿನ ಮೇಲೆ ವಿಂಗಡಿಸಿರುವುದರಲ್ಲಿದೆ. ಮಾಡೆಲ್ ಹೆಸರು ಮಾರಾಟಕ್ಕಾಗಿ ಇಟ್ಟದ್ದು. ಯಂತ್ರಕ್ಕೆ ಅದರ ಪರಿವೆಯಿಲ್ಲ. ಬಿಎಂಡಬ್ಲ್ಯೂ 3 ಸೀರೀಸ್ ಎಂದರೆ ಇ30, ಇ36, ಇ46 ಎಂಬ ಚಾಸಿ ಕೋಡ್‌ಗಳ ಬೇರೆ ಬೇರೆ ಪೀಳಿಗೆಗಳಲ್ಲಿ ಯಾವುದೂ ಆಗಬಹುದು, ಆದರೆ ಒಂದರ ಮಾಹಿತಿಯನ್ನು ಇನ್ನೊಂದಕ್ಕೆ ಕಣ್ಣು ಮುಚ್ಚಿ ಬಳಸುವಂತಿಲ್ಲ. ಇದಕ್ಕೆ ವಿರುದ್ಧವಾಗಿ, ಟೊಯೋಟಾದ 2ಜೆಝಡ್-ಜಿಟಿಇ ಎಂಜಿನ್ ಸುಪ್ರಾದಲ್ಲಿಯೂ ಇತ್ತು, ಅರಿಸ್ಟೋದಲ್ಲಿಯೂ ಇತ್ತು. ಎರಡು ಫೋಲ್ಡರ್‌ಗಳಲ್ಲಿ ಎರಡು ಪ್ರತಿಗಳನ್ನು ಇಟ್ಟರೆ ಒಂದನ್ನು ತಿದ್ದಿದಾಗ ಇನ್ನೊಂದು ಹಳೆಯದಾಗಿಯೇ ಉಳಿಯುತ್ತದೆ.

ಆದ್ದರಿಂದ ನಾನು ಎಂಜಿನ್ ಮತ್ತು ಗೇರ್‌ಬಾಕ್ಸ್‌ಗಳ ಮಾಹಿತಿಯನ್ನು ಅವುಗಳ ಕೋಡ್ ಹೆಸರಿನಲ್ಲಿಯೂ, ಬಾಡಿ, ಸಸ್ಪೆನ್ಷನ್, ವೈರಿಂಗ್ ಇವುಗಳನ್ನು ಆ ಪೀಳಿಗೆಯ ಚಾಸಿ ಕೋಡ್ ಹೆಸರಿನಲ್ಲಿಯೂ ಇಡುತ್ತೇನೆ. ಪ್ರತಿ ಕಾರಿಗೂ ಒಂದೇ ಪುಟದ ಫೈಲ್ ಸಾಕು: ಅದರಲ್ಲಿ 17 ಅಕ್ಷರಗಳ ಚಾಸಿ ಸಂಖ್ಯೆ, ಎಂಜಿನ್ ಕೋಡ್, ಗೇರ್‌ಬಾಕ್ಸ್ ಕೋಡ್, ತಯಾರಾದ ತಿಂಗಳು ಮತ್ತು ಮೂಲದಲ್ಲಿ ಇಲ್ಲದೆ ನಂತರ ಬದಲಾದ ಭಾಗಗಳು ಇರುತ್ತವೆ. ವರ್ಷವನ್ನು ಮಾತ್ರ ಎಚ್ಚರಿಕೆಯಿಂದ ಬರೆಯಬೇಕು. ಕಾರು ತಯಾರಾದ ವರ್ಷ, ನೋಂದಣಿಯಾದ ವರ್ಷ ಮತ್ತು ಕಂಪನಿಯು ಹೇಳುವ ಮಾಡೆಲ್ ವರ್ಷ ಮೂರೂ ಬೇರೆಯಾಗಿರಬಹುದು. ಚಾಸಿ ಸಂಖ್ಯೆಯ ಹತ್ತನೆಯ ಅಕ್ಷರ ಮಾಡೆಲ್ ವರ್ಷವನ್ನು ಸೂಚಿಸುತ್ತದೆ ಎಂಬುದು ಉತ್ತರ ಅಮೆರಿಕದಲ್ಲಿ ನಿಯಮ. ಬೇರೆಡೆಯ ಎಲ್ಲ ಕಾರುಗಳಿಗೂ ಅದನ್ನು ಅನ್ವಯಿಸಲಾಗದು.

ಉತ್ತರ 2

ಮೇಲಿನ ಸಲಹೆಯನ್ನು ಒಪ್ಪುತ್ತೇನೆ, ಆದರೆ ಫೋಲ್ಡರ್‌ಗಳನ್ನು ಎಷ್ಟು ಚೆನ್ನಾಗಿ ಜೋಡಿಸಿದರೂ ನಾಲ್ಕು ಸಾವಿರ ಫೈಲುಗಳಲ್ಲಿ ಕೊನೆಗೆ ಹುಡುಕುವುದು ಪದಗಳ ಮೂಲಕವೇ, ಮತ್ತು ಪದಗಳೇ ನಮ್ಮನ್ನು ಹೆಚ್ಚು ಸತಾಯಿಸುವುದು. ಎಂಜಿನ್ನಿನ ಮೇಲಿನ ಮುಚ್ಚಳವನ್ನು ಒಂದು ಮ್ಯಾನುಯಲ್ ವಾಲ್ವ್ ಕವರ್ ಎನ್ನುತ್ತದೆ, ಇನ್ನೊಂದು ರಾಕರ್ ಕವರ್ ಎನ್ನುತ್ತದೆ, ಮೆಕ್ಯಾನಿಕ್‌ಗಳು ಟ್ಯಾಪೆಟ್ ಕವರ್ ಎನ್ನುತ್ತಾರೆ. ಆಕ್ಸಿಜನ್ ಸೆನ್ಸರ್ ಯುರೋಪಿನ ಪುಸ್ತಕಗಳಲ್ಲಿ ಲ್ಯಾಂಬ್ಡಾ ಪ್ರೋಬ್ ಆಗುತ್ತದೆ. ಬಾನೆಟ್ ಮತ್ತು ಹುಡ್, ಸೈಲೆನ್ಸರ್ ಮತ್ತು ಮಫ್ಲರ್, ಡ್ಯಾಂಪರ್ ಮತ್ತು ಶಾಕ್ ಅಬ್ಸಾರ್ಬರ್ ಇವುಗಳ ಕಥೆಯೂ ಇದೇ. ನೀವು ಹುಡುಕಿದ ಪದ ಆ ಪುಟದಲ್ಲಿ ಇಲ್ಲದಿದ್ದರೆ ಪುಟ ಕಣ್ಣೆದುರಿಗಿದ್ದರೂ ಸಿಗುವುದಿಲ್ಲ. ಹಾಗಾಗಿ ಪ್ರತಿ ಮುಖ್ಯ ಫೈಲಿನ ಜೊತೆಗೆ ಅದೇ ಹೆಸರಿನ ಒಂದು ಸಣ್ಣ ಪಠ್ಯ ಫೈಲನ್ನು ಇಟ್ಟು, ಆ ಭಾಗಕ್ಕಿರುವ ಎಲ್ಲ ಹೆಸರುಗಳನ್ನೂ, ನಾವು ಬಾಯಿಮಾತಿನಲ್ಲಿ ಬಳಸುವ ತಪ್ಪು ಹೆಸರನ್ನೂ ಸೇರಿಸಿ, ಅದರಲ್ಲಿ ಬರೆದಿಡುತ್ತೇನೆ. ಫೋಟೋಗಳಿಗೂ ಕೈಬರಹದ ಚೀಟಿಗಳಿಗೂ ಇದನ್ನು ಬಿಟ್ಟರೆ ಬೇರೆ ದಾರಿ ನನಗೆ ಕಂಡಿಲ್ಲ.

ಪದಗಳು ಬದಲಾದರೂ ಕೋಡ್‌ಗಳು ಬದಲಾಗುವುದಿಲ್ಲ, ಆದ್ದರಿಂದ ಸಾಧ್ಯವಾದಲ್ಲೆಲ್ಲ ಕೋಡ್ ಹಿಡಿದು ಹುಡುಕಿ. ಇಂಧನ ಮಿಶ್ರಣ ತೆಳುವಾಗಿದೆ ಎಂಬುದನ್ನು ಹತ್ತು ಬಗೆಯಲ್ಲಿ ಬರೆದಿರಬಹುದು, ಆದರೆ ಕಾರಿನ ಕಂಪ್ಯೂಟರ್ ಅದಕ್ಕೆ ಕೊಡುವ ದೋಷದ ಕೋಡ್ ಪಿ0171 ಎಲ್ಲ ಕಂಪನಿಗಳಲ್ಲಿಯೂ ಅದೇ ಅರ್ಥದ್ದು. ಆದರೆ ಪಿ1 ಎಂದು ಆರಂಭವಾಗುವ ಕೋಡ್‌ಗಳು ಆಯಾ ಕಂಪನಿಯ ಸ್ವಂತದವು. ಅವುಗಳ ಜೊತೆಗೆ ಕಂಪನಿಯ ಹೆಸರನ್ನು ಬರೆಯದಿದ್ದರೆ ದಾರಿ ತಪ್ಪುವುದು ಖಚಿತ. ಜರ್ಮನ್ ಕಾರುಗಳ ವೈರಿಂಗ್ ನಕ್ಷೆಗಳಲ್ಲಿ 30 ಎಂದರೆ ಬ್ಯಾಟರಿಯಿಂದ ನೇರವಾಗಿ ಬರುವ ಧನ ತಂತಿ, 15 ಎಂದರೆ ಕೀ ತಿರುಗಿಸಿದ ಮೇಲೆ ಬರುವ ವಿದ್ಯುತ್ತು, 31 ಎಂದರೆ ಅರ್ತ್. ಈ ಸಂಖ್ಯೆಗಳನ್ನು ಪಠ್ಯ ಫೈಲಿನಲ್ಲಿ ಸೇರಿಸಿದರೆ ಬಣ್ಣದ ಹೆಸರಿಗಾಗಿ ತಡಕಾಡುವುದು ತಪ್ಪುತ್ತದೆ.

ಬಿಡಿಭಾಗಗಳ ಸಂಖ್ಯೆಯಲ್ಲಿ ಖಾಲಿ ಜಾಗ ಮತ್ತು ಅಡ್ಡಗೆರೆಗಳು ತೊಂದರೆ ಕೊಡುತ್ತವೆ. ಫೋಕ್ಸ್‌ವ್ಯಾಗನ್ ಆಯಿಲ್ ಫಿಲ್ಟರ್ ಒಂದರ ಸಂಖ್ಯೆಯನ್ನು 06ಎ 115 561 ಬಿ ಎಂದು ಬಿಡಿಸಿ ಬರೆದರೆ, ಬಿಡಿಸದೆ ಹುಡುಕಿದಾಗ ಸಿಗುವುದಿಲ್ಲ. ಎರಡು ರೂಪಗಳನ್ನೂ ಬರೆಯಿರಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಪುಟಗಳು ಕಂಪ್ಯೂಟರಿಗೆ ಬರೀ ಚಿತ್ರಗಳು. ಟೆಸೆರಾಕ್ಟ್‌ನಂತಹ ಉಚಿತ ಓಸಿಆರ್ ತಂತ್ರಾಂಶದಿಂದ ಒಮ್ಮೆ ಅಕ್ಷರಗಳನ್ನು ಗುರುತಿಸಿಟ್ಟರೆ ಇಡೀ ಸಂಗ್ರಹದೊಳಗೆ ಪದ ಹಿಡಿದು ಹುಡುಕಬಹುದು.

ಉತ್ತರ 3

ಓಸಿಆರ್ ಬಗ್ಗೆ ಒಂದು ಎಚ್ಚರಿಕೆಯ ಮಾತನ್ನು ಸೇರಿಸಬೇಕಾಗಿದೆ. ಪುಟವನ್ನು ಹುಡುಕಲು ಅದನ್ನು ನಂಬಿ. ಅಂಕಿಯನ್ನು ಓದಲು ನಂಬಬೇಡಿ. ಮಸುಕಾದ ಸ್ಕ್ಯಾನಿನಲ್ಲಿ ಸೊನ್ನೆ ಅಕ್ಷರವಾಗುತ್ತದೆ, ಒಂದು ಎಂಬುದು ಗೆರೆಯಾಗುತ್ತದೆ. ಚಾಸಿ ಸಂಖ್ಯೆಗಳಲ್ಲಿ ಐ, ಓ, ಕ್ಯೂ ಅಕ್ಷರಗಳನ್ನು ಬಳಸದಿರುವುದು ಮನುಷ್ಯರ ಕಣ್ಣಿಗೂ ಇದೇ ಗೊಂದಲವಾಗುತ್ತದೆ ಎಂಬ ಕಾರಣಕ್ಕೆ. ಇನ್ನೂ ಅಪಾಯಕಾರಿಯಾದದ್ದು ದಶಮಾಂಶ ಚುಕ್ಕೆ ಬಿದ್ದುಹೋಗುವುದು: 10.5 ಕಿಲೋಗ್ರಾಂ-ಮೀಟರ್ ಎಂಬುದು 105 ಆದರೆ ನೋಡಿದವರಿಗೆ ಅದು ನ್ಯೂಟನ್-ಮೀಟರ್ ಎಂದೇ ತೋರುತ್ತದೆ, ಏಕೆಂದರೆ ಸರಿಯಾದ ಉತ್ತರವೂ 103ರ ಆಸುಪಾಸಿನಲ್ಲಿಯೇ ಇದೆ. ಅನೇಕ ಮ್ಯಾನುಯಲ್‌ಗಳು ಒಂದೇ ಟಾರ್ಕನ್ನು ಎರಡು ಮೂರು ಏಕಮಾನಗಳಲ್ಲಿ ಕೊಡುತ್ತವೆ. ಆ ಎಲ್ಲ ಅಂಕಣಗಳನ್ನೂ ನಕಲು ಮಾಡಿಕೊಂಡರೆ ಒಂದರ ತಪ್ಪನ್ನು ಇನ್ನೊಂದು ಹಿಡಿಯುತ್ತದೆ: ಒಂದು ಕಿಲೋಗ್ರಾಂ-ಮೀಟರ್‌ಗೆ 9.81 ನ್ಯೂಟನ್-ಮೀಟರ್, ಒಂದು ಪೌಂಡ್-ಅಡಿಗೆ 1.356.

ಈಗ ನಿಮ್ಮ 88 ಮತ್ತು 65ರ ವಿಷಯಕ್ಕೆ ಬರೋಣ. 65ನ್ನು 1.356ರಿಂದ ಗುಣಿಸಿ ನೋಡಿ, 88.1 ಬರುತ್ತದೆ. ಎಂದರೆ ನಿಮ್ಮ ಚೀಟಿಯ ಅಂಕಿ ಪೌಂಡ್-ಅಡಿಯಲ್ಲಿದ್ದು, ಎರಡೂ ಒಂದೇ ಮೂಲದಿಂದ ಬಂದಿರುವ ಸಾಧ್ಯತೆ ಬಹಳವಾಗಿದೆ. ಹಾಗೆಂದು ಈ ಲೆಕ್ಕವನ್ನು ನಂಬಿ ಬೋಲ್ಟ್ ಬಿಗಿಯಬೇಡಿ. ಟಾರ್ಕ್ ಎಂಬುದು ಒಂಟಿ ಅಂಕಿಯಲ್ಲ. ಬೋಲ್ಟಿನ ಥ್ರೆಡ್‌ಗೆ (ಸುರುಳಿ ಗೆರೆಗಳಿಗೆ) ಎಣ್ಣೆ ಸವರಬೇಕೇ ಅಥವಾ ಒಣಗಿರಬೇಕೇ, ಯಾವ ಕ್ರಮದಲ್ಲಿ ಎಷ್ಟು ಹಂತಗಳಲ್ಲಿ ಬಿಗಿಯಬೇಕು, ಕೊನೆಯಲ್ಲಿ ಕೋನದ ಲೆಕ್ಕದಲ್ಲಿ, ಅಂದರೆ ಇಂತಿಷ್ಟು ಡಿಗ್ರಿ ಎಂದು, ತಿರುಗಿಸಬೇಕೇ, ಬೋಲ್ಟನ್ನು ಮರುಬಳಸಬಹುದೇ ಎಂಬುದೆಲ್ಲ ಸೇರಿಯೇ ಅದಕ್ಕೆ ಅರ್ಥ. ಒಣ ಥ್ರೆಡ್‌ಗೆಂದು ಕೊಟ್ಟ ಟಾರ್ಕನ್ನು ಎಣ್ಣೆ ಸವರಿದ ಥ್ರೆಡ್‌ಗೆ ಹಾಕಿದರೆ ಘರ್ಷಣೆ ಕಡಿಮೆಯಾಗಿ ಬೋಲ್ಟ್ ಬೇಕಾದದ್ದಕ್ಕಿಂತ ಹೆಚ್ಚು ಎಳೆಯಲ್ಪಡುತ್ತದೆ. ಆದ್ದರಿಂದ ಅಂಕಿಯನ್ನು ಮಾತ್ರ ಬರೆದುಕೊಳ್ಳುವ ಅಭ್ಯಾಸವನ್ನು ಬಿಟ್ಟು, ಆ ಪುಟದ ಚಿತ್ರವನ್ನೇ ಅಡಿಟಿಪ್ಪಣಿಗಳ ಸಮೇತ ಇಟ್ಟುಕೊಂಡು, ಪುಸ್ತಕದ ಆವೃತ್ತಿ, ಪುಟ ಸಂಖ್ಯೆ ಮತ್ತು ಅದು ಯಾವ ಎಂಜಿನ್ ಸಂಖ್ಯೆಯವರೆಗೆ ಅನ್ವಯಿಸುತ್ತದೆ ಎಂಬುದನ್ನು ಪಕ್ಕದ ಪಠ್ಯ ಫೈಲಿನಲ್ಲಿ ಬರೆಯಿರಿ. ಯಾರೋ ಹೇಳಿದ್ದು, ನಾನೇ ಅಳೆದದ್ದು, ತಯಾರಕರ ಪುಸ್ತಕದಲ್ಲಿ ಕಂಡದ್ದು ಈ ಮೂರನ್ನೂ ಬೇರೆ ಬೇರೆಯಾಗಿ ಗುರುತು ಮಾಡುವುದು ಒಳ್ಳೆಯದು. ನನ್ನ ಹಳೆಯ ಟಿಪ್ಪಣಿಗಳಲ್ಲಿ ಅರ್ಧಕ್ಕರ್ಧ ಯಾರೋ ಹೇಳಿದ್ದೇ ಆಗಿತ್ತು ಎಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ದಿನಾಂಕವನ್ನು 2019-03-07 ಎಂಬ ರೂಪದಲ್ಲಿ ಫೈಲಿನ ಹೆಸರಿನ ಮೊದಲಿಗೇ ಇಟ್ಟರೆ ಅವು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಎಡ ಮತ್ತು ಬಲವನ್ನು ಚಾಲಕನ ಸೀಟಿನಲ್ಲಿ ಕುಳಿತು ಮುಂದಕ್ಕೆ ನೋಡುವಂತೆ ಬರೆಯಿರಿ. ಬಾನೆಟ್ ಎದುರು ನಿಂತು ತೆಗೆದ ಫೋಟೋಗಳಲ್ಲಿ ಇದು ತಿರುಗಿಬಿಡುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಎರಡು ದಿನ ಕುಳಿತು ಗೇರ್‌ಬಾಕ್ಸ್ ಮತ್ತು ಎಂಜಿನ್‌ಗಳ ಫೈಲುಗಳನ್ನು ಮಾತ್ರ ಕೋಡ್ ಪ್ರಕಾರ ಬೇರ್ಪಡಿಸಿ, ಮ್ಯಾನುಯಲ್‌ಗಳಿಗೆ ಓಸಿಆರ್ ಮಾಡಿಸಿದೆ. ಫೋಟೋಗಳನ್ನು ಇನ್ನೂ ಮುಟ್ಟಿಲ್ಲ. ಹೆಡ್ ಬೋಲ್ಟಿನ ಮೂಲ ಪುಟ ಈಗ ಒಂದೇ ಹುಡುಕಾಟಕ್ಕೆ ಸಿಕ್ಕಿತು, ಮತ್ತು ನೀವು ಊಹಿಸಿದಂತೆ 88 ನ್ಯೂಟನ್-ಮೀಟರ್ ಪಕ್ಕದ ಅಂಕಣದಲ್ಲಿಯೇ 65 ಪೌಂಡ್-ಅಡಿ ಎಂದಿದೆ. ಆದರೆ ನಾನು ಎಂದೂ ಓದದಿದ್ದ ಒಂದು ಅಡಿಟಿಪ್ಪಣಿ ಅದರ ಕೆಳಗಿದೆ: ಒಂದು ನಿರ್ದಿಷ್ಟ ಎಂಜಿನ್ ಸಂಖ್ಯೆಯ ನಂತರದವುಗಳಲ್ಲಿ ಬೋಲ್ಟೇ ಬೇರೆ, ಅವನ್ನು ಕೋನದ ಲೆಕ್ಕದಲ್ಲಿ ಬಿಗಿಯಬೇಕು, ಪ್ರತಿ ಸಲವೂ ಹೊಸದನ್ನೇ ಹಾಕಬೇಕು. ನನ್ನ ಎಂಜಿನ್ ಯಾವ ಕಡೆಗೆ ಬರುತ್ತದೆ ಎಂದು ನೋಡಲು ನಾಳೆ ಬ್ಲಾಕಿನ ಮೇಲಿನ ಜಿಡ್ಡನ್ನು ಒರೆಸಿ ಸಂಖ್ಯೆಯನ್ನು ಓದಬೇಕಾಗಿದೆ.