ಮಳೆಗಾಲಕ್ಕೆ ಮೊದಲು ಟೈರ್ ಬದಲಿಸದಿದ್ದರೆ ವಿಮೆಯ ಕ್ಲೇಮು ಕೊಡುವುದಿಲ್ಲವೇ?

ಪ್ರಕಾಶ, ಡೊಂಬಿವಲಿ
ಹೋದ ವಾರ ಪುಣೆಯಿಂದ ಬರುವಾಗ ಖಂಡಾಲಾ ಘಾಟಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿದೆ. 50ರ ಒಳಗೇ ಇದ್ದೆ. ಕಾರು ನಿಲ್ಲದೆ ಸೀದಾ ಜಾರಿ ಬದಿಯ ಕಬ್ಬಿಣದ ತಡೆಗೆ ಬಡಿಯಿತು. ಯಾರಿಗೂ ಪೆಟ್ಟಾಗಲಿಲ್ಲ, ದೇವರು ದೊಡ್ಡವನು. ಗ್ಯಾರೇಜಿಗೆ ಬಂದ ವಿಮೆಯ ಸರ್ವೆಯರ್ ಬಂಪರ್ ನೋಡುವ ಮೊದಲೇ ಮೊಣಕಾಲೂರಿ ಕೂತು, ಮೊಬೈಲ್ ಟಾರ್ಚ್ ಹಾಕಿ ಮುಂದಿನ ಎರಡೂ ಟೈರುಗಳ ಫೋಟೊ ತೆಗೆದ. ‘ಬಟನ್ (ಟೈರಿನ ಮೇಲಿನ ಉಬ್ಬುಗಳು) ಪೂರ್ತಿ ಸವೆದಿದೆ, ಕ್ಲೇಮು ಕಷ್ಟ’ ಅಂದ. 55 ಸಾವಿರ ಕಿ.ಮೀ. ಓಡಿದ ಟೈರು, ಸವೆದಿದ್ದು ನಿಜ. ಆದರೆ ಪಾಲಿಸಿಯಲ್ಲಿ ಹಾಗೆಂದು ಎಲ್ಲಿ ಬರೆದಿದೆ? ತಿಳಿದವರು ಹೇಳಿ.

ಉದಯ, ಘಾಟ್ಕೋಪರ್
ಎಲ್ಲಿಯೂ ಬರೆದಿಲ್ಲ ಮಾರಾಯ್ರೆ. ಪಾಲಿಸಿಯಲ್ಲಿ ಟೈರಿನ ಮಿಲಿಮೀಟರ್ ಲೆಕ್ಕವೇ ಇಲ್ಲ. ಇರುವುದು ಇಷ್ಟೇ: ಟೈರಿಗೆ ಮಾತ್ರ ಹಾನಿಯಾದರೆ ಏನೂ ಸಿಗುವುದಿಲ್ಲ, ಕಾರಿಗೂ ಪೆಟ್ಟಾಗಿದ್ದರೆ ಟೈರಿನ ಅರ್ಧ ಬೆಲೆ. ನಿಮ್ಮ ಬಂಪರು, ಬಾನೆಟ್ಟಿಗೂ ಟೈರಿಗೂ ಸಂಬಂಧ ಇಲ್ಲ. ಹೆದರಬೇಡಿ.

ಬಸವರಾಜ, ಪಿಂಪ್ರಿ
‘ಮಿಲಿಮೀಟರ್ ಲೆಕ್ಕವೇ ಇಲ್ಲ’ ಅಂತ ಹೆಂಗ ಹೇಳ್ತೀರಿ? ಕೇಂದ್ರ ಮೋಟಾರು ವಾಹನ ನಿಯಮ 94ರಾಗ ಐತಿ. ಕಾರಿಗೆ ಕನಿಷ್ಠ 1.6 ಮಿ.ಮೀ. ಬಟನ್ ಇರಬೇಕು. ಟೈರಿನ ಅಂಚಿನಾಗ ಟಿಡಬ್ಲ್ಯುಐ ಅಂತ ಬರದಿರ್ತಾರ, ಅದರ ನೇರಕ್ಕ ಸಾಲಿನೊಳಗ ಒಂದು ಸಣ್ಣ ದಿಂಡು ಇರ್ತದ. ಬಟನ್ ಸವದು ಅದರ ಸಮಕ್ಕ ಬಂತಂದ್ರ ಆ ಟೈರಿನ ಆಯುಷ್ಯ ಮುಗೀತು. ಇನ್ನ ಪಾಲಿಸಿಯ ಶರತ್ತು ಓದ್ರಿ: ಮಾಲೀಕ ಗಾಡಿಯನ್ನ ಸುಸ್ಥಿತಿಯೊಳಗ ಇಟ್ಕೋಬೇಕು ಅಂತ ಸ್ಪಷ್ಟ ಐತಿ. ಸರ್ವೆಯರ್ ಹಿಡಿಯೋದು ಅದನ್ನ.

ಉದಯ, ಘಾಟ್ಕೋಪರ್
ಶರತ್ತು ಮುರಿದರೂ ಪೂರ್ತಿ ತಳ್ಳಿ ಹಾಕಲಿಕ್ಕೆ ಬರುವುದಿಲ್ಲ. 2010ರಲ್ಲಿ ಸುಪ್ರೀಂ ಕೋರ್ಟೇ ಒಂದು ಕಾರಿನ ಕೇಸಿನಲ್ಲಿ 75% ಕೊಡಿ ಅಂದಿದೆ.

ಶ್ರೀನಿವಾಸ, ಠಾಣೆ
ಅದು ಖಾಸಗಿ ಕಾರನ್ನು ಬಾಡಿಗೆಗೆ ಓಡಿಸಿದರೆಂಬ ಕೇಸು. ಟೈರಿನ ಮಾತೇ ಅಲ್ಲಿಲ್ಲ.

ಸುಜಾತಾ, ಕೋಥ್ರೂಡ್
ನನ್ನ ಮಗಳು ಮ್ಯೂನಿಕ್‌ನಲ್ಲಿದ್ದಾಳೆ. ಅಲ್ಲಿ ರಸ್ತೆಯಲ್ಲಿ ಹಿಮ, ಮಂಜುಗಡ್ಡೆ ಇದ್ದರೆ ಚಳಿಗಾಲದ ಟೈರ್ ಇರಲೇಬೇಕು. 2010ರಿಂದ ನಿಯಮ ಬಿಗಿಯಾಗಿದೆ, ತಪ್ಪಿದರೆ 60 ಯೂರೊ ದಂಡ. ಬೇಸಿಗೆ ಟೈರಿನಲ್ಲೇ ಹಿಮದಲ್ಲಿ ಓಡಿಸಿ ಗುದ್ದಿದರೆ, ಘೋರ ನಿರ್ಲಕ್ಷ್ಯವೆಂದು ಸ್ವಂತ ಕಾರಿನ ಪರಿಹಾರವನ್ನು ವಿಮೆಯವರು ಕಡಿಮೆ ಮಾಡಬಹುದು. ಎದುರಿನವರ ನಷ್ಟವನ್ನು ಮಾತ್ರ ತುಂಬಿಕೊಡಲೇಬೇಕು. ಅಕ್ಟೋಬರ್ ಬಂದರೆ ಜನ ತಾವಾಗಿಯೇ ಟೈರ್ ಬದಲಿಸಿಕೊಳ್ಳುತ್ತಾರೆ. ನಮಗೆ ಜೂನ್ ಅಂದರೆ ಅದೇ ಅಲ್ಲವೇ? ಚಳಿಗಾಲದ ಆ ಮೆತ್ತನೆ ರಬ್ಬರಿನ ಟೈರುಗಳನ್ನೇ ಇಲ್ಲಿ ಮಳೆಗೆ ಹಾಕಿಸಿದರೆ ಹೇಗೆ?

ಬಸವರಾಜ, ಪಿಂಪ್ರಿ
ಅಕ್ಕಾರ, ಆ ರಬ್ಬರ್ ಮಾಡಿದ್ದು 7 ಡಿಗ್ರಿಗಿಂತ ಕೆಳಗಿನ ಥಂಡಿಗೆ. ಪುಣೆ ಮಳಿಗಾಲದಾಗ ರಾತ್ರಿನೂ 20ರ ಮ್ಯಾಲೆ ಇರ್ತದ. ಬೆಣ್ಣಿ ಸವದಂಗ ಸವೀತದ, ಬ್ರೇಕೂ ಸರಿ ಹಿಡಿಯೂದಿಲ್ಲ.

ಉದಯ, ಘಾಟ್ಕೋಪರ್
ಮೆತ್ತನೆ ಬೇಕಾದರೆ ಹೊಸ ಟೈರ್ ಯಾಕೆ? ಮಳೆಗಾಲದಲ್ಲಿ ಗಾಳಿ ಇಳಿಸಿದರೆ ಆಯ್ತು. ನಾನು 30 ವರ್ಷದಿಂದ ಜೂನಿನಲ್ಲಿ ಗಾಳಿಯ ಒತ್ತಡವನ್ನು 33 ಪಿಎಸ್‌ಐಯಿಂದ 28ಕ್ಕೆ ಇಳಿಸುತ್ತೇನೆ. ಟೈರ್ ಅಗಲ ಕೂರುತ್ತದೆ, ಹಿಡಿತ ಬರುತ್ತದೆ. ಪ್ರಕಾಶರೂ ಹಾಗೆ ಮಾಡಿದ್ದರೆ ಕಾರು ನಿಲ್ಲುತ್ತಿತ್ತು.

ಶ್ರೀನಿವಾಸ, ಠಾಣೆ
ಇದು ಅಪಾಯಕಾರಿ ಸಲಹೆ, ದಯವಿಟ್ಟು ಯಾರೂ ಪಾಲಿಸಬೇಡಿ. ಗಾಳಿ ಕಡಿಮೆಯಾದಷ್ಟೂ ಟೈರು ನೀರಿನ ಮೇಲೆ ಬೇಗ ತೇಲುತ್ತದೆ. ನಾಸಾದವರು 1960ರ ದಶಕದಲ್ಲೇ ಸೂತ್ರ ಕೊಟ್ಟಿದ್ದಾರೆ: ಗಾಳಿಯ ಒತ್ತಡದ ವರ್ಗಮೂಲಕ್ಕೆ 9ರಿಂದ ಗುಣಿಸಿದರೆ ತೇಲುವ ವೇಗ ನಾಟ್‌ಗಳಲ್ಲಿ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಸಿಗುತ್ತದೆ. 33 ಇದ್ದರೆ ಗಂಟೆಗೆ ಸುಮಾರು 96 ಕಿ.ಮೀ., 28ಕ್ಕೆ ಇಳಿಸಿದರೆ 88.

ಉದಯ, ಘಾಟ್ಕೋಪರ್
ನಾಸಾ ಲೆಕ್ಕ ವಿಮಾನದ ಚಕ್ರದ್ದು. ಪ್ರಕಾಶರು 50ರ ಒಳಗೆ ಇದ್ದದ್ದು, ಅವರೇ ಬರೆದಿದ್ದಾರೆ. 96 ಎಲ್ಲಿ, 50 ಎಲ್ಲಿ? ನಿಮ್ಮ ಲೆಕ್ಕದ ಪ್ರಕಾರ ಅವರು ಜಾರಲೇಬಾರದಿತ್ತು.

ಶ್ರೀನಿವಾಸ, ಠಾಣೆ
ಸೂತ್ರ ಹೇಳುವುದು ಟೈರು ಪೂರ್ತಿ ತೇಲುವ ವೇಗವನ್ನು. ನೀರು ಹೊರಗೆ ಹೋಗಲು ಸಾಲುಗಳೇ ಇಲ್ಲದ ಬೋಳು ಟೈರು ಅದಕ್ಕೂ ಎಷ್ಟೋ ಮೊದಲೇ ಹಿಡಿತ ಬಿಡುತ್ತದೆ. ನಾನು ಹೇಳುತ್ತಿರುವುದೇ ಅದು.

ಉದಯ, ಘಾಟ್ಕೋಪರ್
ಈಗ ಬೋಳು ಟೈರಿಗೆ ಬಂದಿರಿ! ಮಾತು ಗಾಳಿಯದ್ದು. 2005ರ ಜುಲೈ 26, ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಬಿದ್ದಾಗ ನಾನು ರಸ್ತೆಯಲ್ಲಿದ್ದೆ. ಕಣ್ಣೆದುರು ಕಾರುಗಳು ನಿಂತವು. ನನ್ನದು ಇದೇ 28ರ ಗಾಳಿಯಲ್ಲಿ ಕುರ್ಲಾದವರೆಗೆ ಬಂತು. ಅನುಭವಕ್ಕೆ ಬೆಲೆ ಇಲ್ಲವಾ?

ಶ್ರೀನಿವಾಸ, ಠಾಣೆ
ಅವತ್ತು ಕಾರುಗಳು ನಿಂತದ್ದು ಎಂಜಿನ್ನಿಗೆ ನೀರು ಹೋಗಿ. ಅದಕ್ಕೂ ಟೈರಿನ ಗಾಳಿಗೂ ಏನು ಸಂಬಂಧ? ನೀರಿನಲ್ಲಿ ನಿಂತ ಕಾರಿಗೆ ಮತ್ತೆ ಕೀ ತಿರುಗಿಸಿ ಎಂಜಿನ್ ಮುರಿದುಕೊಂಡರೆ, ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ವಿಮೆಯನ್ನು ಪ್ರತ್ಯೇಕ ತೆಗೆದುಕೊಳ್ಳದವರ ಕ್ಲೇಮನ್ನು ಸಾಮಾನ್ಯವಾಗಿ ತಳ್ಳಿಹಾಕುತ್ತಾರೆ. ಬೇಕಾದರೆ ಆ ಮಾತಾಡೋಣ.

ಉದಯ, ಘಾಟ್ಕೋಪರ್
ಪುಸ್ತಕ ಓದಿ ಗಾಡಿ ಓಡಿಸುವವರ ಹತ್ತಿರ ವಾದ ಮಾಡಿ ಉಪಯೋಗ ಇಲ್ಲ.

ಬಸವರಾಜ, ಪಿಂಪ್ರಿ
ಪುಸ್ತಕ ಬ್ಯಾಡ ಬಿಡ್ರಿ. ಡ್ರೈವರ್ ಬಾಗಲಾ ತಗೀರಿ, ಚೌಕಟ್ಟಿಗೆ ಚೀಟಿ ಹಚ್ಚಿರ್ತಾರ. ಕಂಪನಿಯವರು ಎಷ್ಟು ಹವಾ ಹೇಳ್ಯಾರ, ಅಷ್ಟ. ಅದರಾಗ ಮಳಿಗೊಂದು, ಬ್ಯಾಸಿಗಿಗೊಂದು ಅಂತ ಬರದಿಲ್ಲ.

ಸುಜಾತಾ, ಕೋಥ್ರೂಡ್
ಟೈರಿನ ವಯಸ್ಸನ್ನು ಯಾರೂ ಕೇಳಲೇ ಇಲ್ಲ. ಟೈರಿನ ಪಕ್ಕದಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಬಟನ್ ಇದ್ದರೂ ರಬ್ಬರ್ ಗಟ್ಟಿಯಾಗಿದ್ದರೆ ಜಾರುತ್ತದೆ. ಪ್ರಕಾಶ್, ನಿಮ್ಮದು ಯಾವ ವರ್ಷದ್ದು?

ಪ್ರಕಾಶ, ಡೊಂಬಿವಲಿ
3118, ಸುಜಾತಕ್ಕ. ಹವಾ 33ರಲ್ಲೇ ಇತ್ತು. ಆದರೆ ನಾನು ಕೇಳಿದ್ದು ಕ್ಲೇಮಿನ ವಿಷಯ. 62 ಸಾವಿರದ ಬಿಲ್ಲು ಕೈಯಲ್ಲಿ ಹಿಡಿದು ಕೂತಿದ್ದೇನೆ.

ಶ್ರೀನಿವಾಸ, ಠಾಣೆ
ಬಾಯಿಮಾತು ಬಿಡಿ. ಸರ್ವೆ ವರದಿಯ ಪ್ರತಿ ಬರಹದಲ್ಲಿ ಕೇಳಿ. ಕಡಿತ ಮಾಡಿದರೆ ಯಾವ ಶರತ್ತಿನಡಿ, ಎಷ್ಟು ಎಂದು ಪತ್ರ ತೆಗೆದುಕೊಳ್ಳಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಲೋಕಪಾಲರ ಬಳಿ ಹೋಗಿ. ಮುಂಬೈ, ಪುಣೆ ಎರಡೂ ಕಡೆ ಕಚೇರಿ ಇದೆ, ಶುಲ್ಕವಿಲ್ಲ. ಟೈರಿನಿಂದಲೇ ಅಪಘಾತವಾಯಿತೆಂದು ತೋರಿಸುವ ಹೊಣೆ ಅವರದು.

ಬಸವರಾಜ, ಪಿಂಪ್ರಿ
ಫೋಟೊದಾಗ ದಿಂಡು ಕಾಣಸ್ತಿದ್ರ ಅವರಿಗೆ ಮತ್ತೇನು ತೋರಸಬೇಕ್ರಿ? ಸವದಿದ್ದು ಇವರೇ ಒಪ್ಪ್ಯಾರ.

ಉದಯ, ಘಾಟ್ಕೋಪರ್
ಪ್ರಕಾಶರೇ, 33 ಇತ್ತು ಅಂತ ನೀವೇ ಹೇಳಿದಿರಿ, ಜಾರಿದ್ದೂ ಎಲ್ಲರೂ ಕಂಡರು. ನಾನು ನಾಡಿದ್ದು ಊರಿಗೆ ಹೊರಟಿದ್ದೇನೆ, ಅಂಬೋಲಿ ಘಾಟ್ ಇಳಿದು. 28ರಲ್ಲೇ ಹೋಗುವುದು.

ಶ್ರೀನಿವಾಸ, ಠಾಣೆ
ಮನೆಯವರನ್ನು ಕೂರಿಸಿಕೊಂಡು ಹೋಗುತ್ತೀರಾದರೆ ದಯವಿಟ್ಟು ಬೇಡ, ಉದಯರೇ. ಹೊರಡುವ ಮುಂಚೆ ಪಂಪಿನಲ್ಲಿ ಎರಡು ನಿಮಿಷ ನಿಲ್ಲಿ.