ಐವತ್ತು ತುಂಬಿತು, ಮನೆಸಾಲ ತೀರಿತು: ಒಬ್ಬಳೇ ನಿಂತು ಸಮಾರಂಭ ಮಾಡುವುದು ಹೇಗೆ?

ಕೇಳಿದ್ದು:

ಬರುವ ಫೆಬ್ರವರಿಗೆ ನನಗೆ 50 ತುಂಬುತ್ತದೆ. ಮದುವೆಯಾಗಿಲ್ಲ. ತುಮಕೂರಿನಲ್ಲಿ ಅಮ್ಮನ ಜೊತೆ ಇದ್ದೇನೆ. ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತ 24 ವರ್ಷವಾಯಿತು. ಮನೆಸಾಲದ ಕೊನೇ ಕಂತು ಡಿಸೆಂಬರಿಗೆ ಮುಗಿಯುತ್ತದೆ. ಎಲ್ಲ ಸೇರಿಸಿ 60 ಜನರನ್ನು ಕರೆದು ಊಟ ಹಾಕುವ ಆಸೆ. ಮದುವೆ, ಸೀಮಂತ, ಗೃಹಪ್ರವೇಶಕ್ಕೆಲ್ಲ ಒಂದು ಕ್ರಮ ಇದೆ, ಇದಕ್ಕೆ ಏನು ಕ್ರಮ? ಓಲೆ ಹೇಗೆ ಬರೆಯಲಿ, ಪೂಜೆಗೆ ಒಬ್ಬಳೇ ಕೂರಬಹುದೇ, ಅಡುಗೆ ಲೆಕ್ಕ ಹೇಗೆ? ತಿಳಿದವರು ಹೇಳಿ.

ಮೈಸೂರಿನಿಂದ, ಸಮಾರಂಭಗಳ ವ್ಯವಸ್ಥೆ ಮಾಡಿಕೊಡುವವರು:

ಟೀಚರ್, ಛತ್ರ, ಅಡುಗೆ ಎಲ್ಲ ಆಮೇಲೆ. ಮೊದಲು ಒಂದು ಹಾಳೆ ತೆಗೆದುಕೊಂಡು, ಆ ದಿನ ಯಾವ ಕೆಲಸ ಯಾರ ಕೈಯಿಂದ ಆಗಬೇಕು ಅಂತ ಬರೆಯಿರಿ. ನಮ್ಮ ಸಮಾರಂಭಗಳಲ್ಲಿ ಎಲ್ಲವೂ ದಂಪತಿ ಲೆಕ್ಕದಲ್ಲೇ ನಡೆಯುವುದು. ಓಲೆಯಲ್ಲಿ ಶ್ರೀಮತಿ ಮತ್ತು ಶ್ರೀ, ಮಣೆ ಮೇಲೆ ಜೋಡಿ, ಆರತಿಗೆ ಮುತ್ತೈದೆಯರು, ಬಾಗಿಲಲ್ಲಿ ಯಜಮಾನರು. ಆ ಜಾಗಗಳಲ್ಲಿ ಯಾರು ಅಂತ ನೀವು ಮೊದಲೇ ಹೇಳದಿದ್ದರೆ, ಆ ಹೊತ್ತಿಗೆ ಹತ್ತಿರ ನಿಂತವರು ತುಂಬಿಬಿಡುತ್ತಾರೆ. ಅಣ್ಣ ಅತ್ತಿಗೆ ಮಣೆ ಮೇಲೆ, ನೀವು ಉಗ್ರಾಣದಲ್ಲಿ ಲೋಟ ಎಣಿಸುತ್ತ. ಯಾರೂ ಬೇಕೆಂದು ಮಾಡುವುದಲ್ಲ, ರೂಢಿ ಹಾಗೆ ಎಳೆದುಕೊಂಡು ಹೋಗುತ್ತದೆ.

ನಿಮ್ಮ ಪಾಲಿಗೆ ಮೂರೇ ಕೆಲಸ ಇಟ್ಟುಕೊಳ್ಳಿ: ಮೊದಲ ಅರ್ಧ ಗಂಟೆ ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುವುದು, ದೀಪ ಹಚ್ಚುವುದು, ಪಂಕ್ತಿಗೆ ತುಪ್ಪ ಬಡಿಸುವುದು. ಉಗ್ರಾಣದ ಬೀಗದ ಕೈ, ಬಟವಾಡೆಯ ದುಡ್ಡು, ಮೈಕು, ಅಮ್ಮನ ಪಕ್ಕದಲ್ಲಿ ಇರುವುದು, ತಾಂಬೂಲ ಕೊಡುವುದು, ಈ ಐದನ್ನು ಐದು ಜನರಿಗೆ ಹೆಸರು ಹಿಡಿದು ವಹಿಸಿ. ನಿಮ್ಮ ಫೋನನ್ನೂ ಬೆಳಿಗ್ಗೆಯೇ ಒಬ್ಬರ ಕೈಗೆ ಕೊಟ್ಟುಬಿಡಿ. ದಾರಿ ಕೇಳುವ ಕರೆಗಳೇ ಇಪ್ಪತ್ತು ಬರುತ್ತವೆ.

ಓಲೆ ನಿಮ್ಮ ಹೆಸರಿನಲ್ಲೇ ಇರಲಿ. ಹೀಗೆ ಬರೆಯಬಹುದು:

"ನನಗೆ ಐವತ್ತು ತುಂಬುತ್ತಿದೆ. ಪಾಠ ಹೇಳಲು ತೊಡಗಿ 24 ವರ್ಷವಾಯಿತು, ಮನೆಯ ಸಾಲವೂ ತೀರಿತು. ಈ ಸಂತೋಷಕ್ಕೆ ನೀವು ಬಂದು, ನಮ್ಮೊಂದಿಗೆ ಊಟ ಮಾಡಿ, ಹರಸಬೇಕು. ಉಡುಗೊರೆ ಬೇಡ. ತಮ್ಮ ಆಗಮನ ಬಯಸುವವಳು," ಕೆಳಗೆ ನಿಮ್ಮ ಹೆಸರು, ಅದರ ಕೆಳಗೆ ಅಮ್ಮನ ಹೆಸರು.

ಕಾರಣವನ್ನು ಮೊದಲ ಸಾಲಿನಲ್ಲೇ ಬರೆಯಬೇಕು. "ಒಂದು ಸಣ್ಣ ಕಾರ್ಯಕ್ರಮ" ಅಂತ ಮುಚ್ಚಿಟ್ಟು ಬರೆದರೆ ಮದುವೆ ಗೊತ್ತಾಯಿತೇನೋ ಅಂದುಕೊಂಡು ಬರುವವರಿರುತ್ತಾರೆ, ಆ ಪ್ರಶ್ನೆಗೆ ಇಡೀ ದಿನ ಉತ್ತರ ಕೊಡಬೇಕಾಗುತ್ತದೆ.

ಫೆಬ್ರವರಿ ಅಂದರೆ ಮದುವೆ ಮುಹೂರ್ತಗಳ ಕಾಲ. ಮಿನಿ ಹಾಲನ್ನು ಅಕ್ಟೋಬರಿನಲ್ಲೇ ಹಿಡಿಯಿರಿ. ಬಾಡಿಗೆ ಒಂದನ್ನೇ ಕೇಳಬೇಡಿ. ಕರೆಂಟು ಮೀಟರ್ ಲೆಕ್ಕವೋ, ಜನರೇಟರಿಗೆ ಗಂಟೆಗೆ ಎಷ್ಟು, ಸಿಲಿಂಡರ್ ಯಾರದ್ದು, ಕ್ಲೀನಿಂಗ್ ಚಾರ್ಜ್ ಎಷ್ಟು, ಎಷ್ಟು ಗಂಟೆಗೆ ಖಾಲಿ ಮಾಡಬೇಕು, ರದ್ದಾದರೆ ಮುಂಗಡದಲ್ಲಿ ಎಷ್ಟು ವಾಪಸ್ಸು, ಇಷ್ಟನ್ನೂ ರಸೀದಿಯ ಹಿಂದೆ ಬರೆಸಿಕೊಳ್ಳಿ. ಮಾತುಗಳೆಲ್ಲ ಊಟಕ್ಕೆ ಮೊದಲೇ ಮುಗಿಯಲಿ, ಒಟ್ಟು 25 ನಿಮಿಷ, ಮಾತಾಡುವವರು ನಾಲ್ಕೇ ಜನ. ಉಂಡ ಮೇಲೆ ಯಾರೂ ಕೂತು ಕೇಳುವುದಿಲ್ಲ.

ಶಿವಮೊಗ್ಗದಿಂದ, ಪೌರೋಹಿತ್ಯ ಮಾಡುವವರು:

ಅಮ್ಮಾ, ಸತ್ಯನಾರಾಯಣ ಪೂಜೆಗೆ ನೀವೊಬ್ಬರೇ ಕೂರಬಹುದು, ದಂಪತಿಯೇ ಬೇಕೆಂದಿಲ್ಲ. ಇನ್ನು ಕ್ರಮವೇ ಇಲ್ಲ ಅಂದಿರಲ್ಲ, ಇದೆ. 60ಕ್ಕೆ ಉಗ್ರರಥ ಶಾಂತಿ ಇರುವಂತೆ 50ಕ್ಕೆ ವೈಷ್ಣವೀ ಶಾಂತಿ ಎಂಬುದಿದೆ, ಕೇಳಿ ಮಾಡಿಸುವವರು ಕಡಿಮೆ ಅಷ್ಟೆ. ಹೋಮದಲ್ಲಿ ಆಹುತಿ ಹಾಕುವವರು ಋತ್ವಿಜರು, ಸಂಕಲ್ಪ ನಿಮ್ಮ ಹೆಸರಿನಲ್ಲಿ.

ಇದಕ್ಕೆ ಒಪ್ಪದ ಪುರೋಹಿತರೂ ಇದ್ದಾರೆ. ಅದು ಗೊತ್ತಾಗುವುದು ಮಣೆ ಹಾಕಿದ ಮೇಲೆ ಆಗಬಾರದು. ಮುಂಗಡ ಕೊಡುವ ಮೊದಲೇ ಕೇಳಿ: ಸಂಕಲ್ಪ ನನ್ನ ಹೆಸರಿನಲ್ಲೇ ಹೇಳುತ್ತೀರಾ? ಕಲಶಕ್ಕೆ ನಾನೇ ಅಕ್ಷತೆ ಹಾಕುತ್ತೇನಾ? ಬೇರೆ ಯಾರಾದರೂ ಪಕ್ಕದಲ್ಲಿ ಕೂರಬೇಕಾ? ಒಪ್ಪದಿದ್ದರೆ ವಾದಕ್ಕೆ ನಿಲ್ಲಬೇಡಿ, ಬೇರೆಯವರನ್ನು ನೋಡಿ. ಒಪ್ಪಿದವರಿಗೆ ಹೆಸರು, ನಕ್ಷತ್ರ, ರಾಶಿ, ಗೋತ್ರ ಚೀಟಿಯಲ್ಲಿ ಬರೆದುಕೊಡಿ. ಮದುವೆಯಾಗದವರಿಗೆ ತಂದೆಯ ಗೋತ್ರವೇ. ಬಾಯಿಪಾಠದ ಓಟದಲ್ಲಿ "ಧರ್ಮಪತ್ನೀ ಸಮೇತಸ್ಯ" ಅಂತ ಬಂದುಬಿಡುವುದುಂಟು, ಚೀಟಿ ಕಣ್ಣೆದುರು ಇದ್ದರೆ ತಪ್ಪುವುದಿಲ್ಲ.

ಜನ್ಮನಕ್ಷತ್ರ ಬರುವ ದಿನಕ್ಕೂ ಕ್ಯಾಲೆಂಡರ್ ತಾರೀಖಿಗೂ ಹೊಂದುವುದು ಅಪರೂಪ. ಪೂಜೆಯನ್ನು ನಕ್ಷತ್ರದ ದಿನ ಬೆಳಿಗ್ಗೆ ಮನೆಯಲ್ಲಿ, ಊಟವನ್ನು ಹತ್ತಿರದ ಭಾನುವಾರ ಹಾಲ್‌ನಲ್ಲಿ ಇಟ್ಟುಕೊಂಡರೆ ಎರಡೂ ಸರಾಗ. ಪ್ರಸಾದ 60 ಜನರಿಗೂ ಮುಟ್ಟಬೇಕಾದರೆ ಪೂಜೆ ಊಟದ ದಿನವೇ ಆಗಲಿ. ಸಪಾದಕ್ಕೆ ರವೆ, ಸಕ್ಕರೆ, ತುಪ್ಪ ತಲಾ ಒಂದೂಕಾಲು ಕೆಜಿ, ಹಾಲು ಒಂದೂಕಾಲು ಲೀಟರ್, ಜೊತೆಗೆ ಬಾಳೆಹಣ್ಣು. ರವೆ ಘಮ ಬರುವವರೆಗೆ ಸಣ್ಣ ಉರಿಯಲ್ಲಿ ಹುರಿದು, ಹಾಲನ್ನು ಕುದಿಯುವಾಗಲೇ ಹಾಕಬೇಕು. ತಣ್ಣಗಿನ ಹಾಲು ಹಾಕಿದರೆ ಗಂಟು ಕಟ್ಟುತ್ತದೆ.

ಮೈಸೂರಿನಿಂದಲೇ, ಅಡುಗೆ ಕಾಂಟ್ರಾಕ್ಟ್ ಮಾಡುವವರು:

60 ಜನರ ಎಲೆ ಊಟಕ್ಕೆ ಲೆಕ್ಕ ಕೊಡುತ್ತೇನೆ, ಬರೆದುಕೊಳ್ಳಿ. ಅನ್ನಕ್ಕೆ ಸೋನಾ ಮಸೂರಿ 6 ಕೆಜಿ, ಪುಳಿಯೋಗರೆಗೆ ಬೇರೆ 2 ಕೆಜಿ. ತಿಳಿಸಾರು, ಹುಳಿ ಎರಡಕ್ಕೂ ಸೇರಿ ತೊಗರಿಬೇಳೆ 2 ಕೆಜಿ. ಹುಳಿಗೆ ತರಕಾರಿ 3 ಕೆಜಿ, ಸಾರಿಗೆ ಟೊಮೇಟೊ ಒಂದೂವರೆ ಕೆಜಿ, ಪಲ್ಯಕ್ಕೆ ಬೀನ್ಸ್ 5 ಕೆಜಿ. ಕೋಸಂಬರಿಗೆ ಹೆಸರುಬೇಳೆ 1 ಕೆಜಿ, ಸೌತೆಕಾಯಿ ಒಂದೂವರೆ ಕೆಜಿ. ತೆಂಗಿನಕಾಯಿ 15. ಮಜ್ಜಿಗೆಗೆ ಮೊಸರು 6 ಲೀಟರ್. ಹೋಳಿಗೆ ತಲೆಗೊಂದು ಅಂತ ಲೆಕ್ಕ ಹಾಕಿ 75 ಹೇಳಿ, ಇನ್ನೊಂದು ಬೇಕು ಅನ್ನುವವರು ಇದ್ದೇ ಇರುತ್ತಾರೆ. ಬಾಳೆ ಎಲೆ 80, ಕೆಲವು ಹರಿದಿರುತ್ತವೆ.

ಕೋಸಂಬರಿಗೆ ಬೇಳೆ ಒಂದು ಗಂಟೆ ನೆನೆದರೆ ಸಾಕು, ಉಪ್ಪು ಮಾತ್ರ ಎಲೆ ಹಾಕುವಾಗಲೇ. ಬೆಳಿಗ್ಗೆಯೇ ಹಾಕಿಟ್ಟರೆ ಸೌತೆಕಾಯಿ ನೀರು ಬಿಟ್ಟು ಎಲೆ ತುಂಬ ಹರಿಯುತ್ತದೆ. ಶಾವಿಗೆ ಪಾಯಸಕ್ಕೆ ಶಾವಿಗೆ 750 ಗ್ರಾಂ, ಹಾಲು 6 ಲೀಟರ್, ಸಕ್ಕರೆ 1,200 ಗ್ರಾಂ. ಶಾವಿಗೆ ನಿಂತಷ್ಟೂ ಹಾಲು ಹೀರುತ್ತದೆ, ಎರಡನೇ ಪಂಕ್ತಿಗೆ ಗಟ್ಟಿಯಾಗಿರುತ್ತದೆ. ಅದಕ್ಕೇ ಕಾಯಿಸಿದ ಹಾಲು ಒಂದು ಲೀಟರ್ ಪಕ್ಕದಲ್ಲಿಟ್ಟಿರಬೇಕು. ನೀರು ಹಾಕಿ ಸಡಿಲ ಮಾಡಿದರೆ ರುಚಿಯೇ ಹೋಯಿತು.

ಎಲೆಗೆ ಇಷ್ಟು ಅಂತ ಮಾತಾಡುವಾಗ ಕನಿಷ್ಠ ಎಷ್ಟು ಎಲೆಗೆ ದುಡ್ಡು ಅಂತ ಕೇಳಿಕೊಳ್ಳಿ. 60ಕ್ಕೆ ಒಪ್ಪಿ 45 ಜನ ಬಂದರೂ 60ರ ದುಡ್ಡೇ ಕೊಡಬೇಕು. 50ಕ್ಕೆ ಮಾತಾಡಿ, ಮೇಲೆ ಬಂದ ಎಲೆ ಎಣಿಸಿ ಕೊಡುವ ಕರಾರು ನಿಮಗೆ ಒಳ್ಳೆಯದು. ಬಡಿಸುವವರು, ಪಾತ್ರೆ ತೊಳೆಯುವವರು ಆ ರೇಟಿನಲ್ಲೇ ಸೇರಿದ್ದಾರಾ ಅನ್ನುವುದೂ ಬರಹದಲ್ಲಿರಲಿ. ಮೊದಲ ಪಂಕ್ತಿಗೆ ಅಮ್ಮನ ವಯಸ್ಸಿನವರನ್ನು ಕೂರಿಸಿ. ನೀವು ಎರಡನೇ ಪಂಕ್ತಿಯಲ್ಲಿ ಕೂತು ಬಿಸಿಯಾಗಿ ಉಣ್ಣಬೇಕು. ಮನೆಯೊಡತಿ ಕಡೆಗೆ ತಣ್ಣಗಾದದ್ದನ್ನು ಉಂಡರೆ ಅಡುಗೆ ಮಾಡಿದವರಿಗೆ ಸಮಾಧಾನ ಇರುವುದಿಲ್ಲ.

ಧಾರವಾಡದಿಂದ:

ಅಕ್ಕಾರ, ಆರತಿ, ಉಡಿ, ಕುಂಕುಮ, ಮನಸ್ಸಿಗೆ ನೋವಾಗೂದು ಇಲ್ಲೇ ನೋಡ್ರಿ. ನಮ್ಮ ಕಡೆ ಮನಿ ಮಗಳಿಗೆ ಉಡಿ ತುಂಬತಾರ, ಲಗ್ನ ಆಗಿರಲಿ ಬಿಡಲಿ. ನಿಮ್ಮ ಅವ್ವಾರ ಕೈಲೆ ತುಂಬಿಸ್ಕೋರಿ. ಒಂದು ಕಣ (ಕುಬಸದ ಬಟ್ಟಿ), ಎರಡು ಬೊಗಸಿ ಅಕ್ಕಿ, ಕೊಬ್ಬರಿ ಬಟ್ಟಲ, ಉತ್ತತ್ತಿ ಐದು, ಅರಿಷಿಣ ಕೊಂಬು ಐದು, ಅಡಿಕಿ ಐದು. ರೇಶ್ಮಿ ಸೆರಗು ಜಾರಿ ಅಕ್ಕಿ ಚೆಲ್ಲತಾವ, ಒಳಗ ಒಂದು ಹತ್ತಿ ವಸ್ತ್ರ ಹಾಸ್ಕೋರಿ. ಅವ್ವಾರು ಗಂಡನ್ನ ಕಳಕೊಂಡವರಿದ್ರ ಕೆಲವರು ಬ್ಯಾಡ ಅಂತಾರ. ಹಡದ ಕೈಗಿಂತ ದೊಡ್ಡ ಕೈ ಯಾವುದೂ ಇಲ್ಲ ಅಂತ ನೀವು ಮೊದಲ ಹೇಳಿಬಿಡ್ರಿ, ಆಮ್ಯಾಲೆ ಯಾರೂ ಮಾತಾಡಂಗಿಲ್ಲ.

ಕುಂಕುಮದ ತಾಟು ಹಿಡಕೊಂಡು ಸಾಲಾಗಿ ಕೊಡಕೋತ ಹೋದ್ರ ವಿಧವಾ ಹೆಣಮಕ್ಕಳ ಮುಂದ ಕೈ ತಡೀತದ. ಅದನ್ನ ಮಾಡಿಸಲೇಬ್ಯಾಡ್ರಿ. ಅರಿಷಿಣ, ಕುಂಕುಮ, ಹೂವು ಬಾಗಲ ಹಂತೇಕ ಒಂದು ಮೇಜಿನ ಮ್ಯಾಲೆ ಇಟ್ಟುಬಿಡ್ರಿ, ಬೇಕಾದವರು ತಾವ ತಗೋತಾರ. ತಾಂಬೂಲದ ಚೀಲ ಎಲ್ಲಾರಿಗೂ ಒಂದೇ ನಮೂನಿ ಇರಲಿ: ಎಲಿ ಅಡಿಕಿ, ತೆಂಗಿನಕಾಯಿ, ಬಾಳೆಹಣ್ಣು, ಒಂದು ಕಣ. ಮಲ್ಲಿಗಿ ಮೂವತ್ತು ಹೆಣಮಕ್ಕಳಿಗೆ ಮೊಳದಂಗ 8 ಮಾರು ಸಾಕು. ಲಗ್ನದ ದಿನಮಾನದಾಗ ಹೂವಿನ ರೇಟು ಏರಿರತದ, ಹಿಂದಿನ ವಾರನ ಹೂವಿನವರಿಗೆ ಹೇಳಿಡ್ರಿ.

ಬೆಂಗಳೂರಿನಿಂದ, ಫೋಟೋ ಪ್ರಿಂಟಿಂಗ್ ಕೆಲಸದವರು:

ಹಾಲ್‌ನಲ್ಲಿ ಒಂದು ಮೇಜು ನಿಮ್ಮ 24 ವರ್ಷದ ಕೆಲಸದ ಫೋಟೋಗಳಿಗೆ ಮೀಸಲಿಡಿ. ಹನ್ನೆರಡು ಫೋಟೋ ಸಾಕು, 8×12 ಇಂಚು. ಆ ಅಳತೆಗೆ 2400×3600 ಪಿಕ್ಸೆಲ್ ಇದ್ದರೆ ಅಚ್ಚುಕಟ್ಟಾಗಿ ಬರುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಕುಗ್ಗಿಬಿಡುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಹಳೇ ಪ್ರಿಂಟನ್ನು ಮೊಬೈಲಿನಲ್ಲಿ ಹೊಡೆದರೆ ಹೊಳಪು ಬೀಳುತ್ತದೆ, 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಒಬ್ಬರೇ ಇರುವವರ ಮನೆಯಲ್ಲಿ ಅವರದೇ ಫೋಟೋ ಕಡಿಮೆ ಇರುತ್ತವೆ, ತೆಗೆದವರು ಅವರೇ ಅಲ್ಲವೇ. ಶಾಲಾ ವಾರ್ಷಿಕೋತ್ಸವದ ಗುಂಪು ಫೋಟೋಗಳು ಸಹೋದ್ಯೋಗಿಗಳ ಹತ್ತಿರ, ಹಳೇ ವಿದ್ಯಾರ್ಥಿಗಳ ಹತ್ತಿರ ಸಿಗುತ್ತವೆ. ಎರಡು ತಿಂಗಳು ಮೊದಲೇ ಕೇಳಲು ಶುರುಮಾಡಿ.

ದಾವಣಗೆರೆಯಿಂದ, ಬ್ಯಾಂಕಿನ ಸಾಲ ವಿಭಾಗದಲ್ಲಿ ದುಡಿದವರು:

ಮೇಡಂ, ಆ ಮೇಜಿನ ಮೇಲೆ ಸಾಲ ತೀರಿದ ಪತ್ರವೂ ಇರಲಿ. ಆದರೆ ಕೊನೇ ಕಂತು ಕಟ್ಟಿದ ಕೂಡಲೇ ಸಾಲ ಮುಗಿಯಿತು ಅಂದುಕೊಳ್ಳಬೇಡಿ. ಬಡ್ಡಿಯ ಚಿಲ್ಲರೆ ಬಾಕಿ ಎಷ್ಟೋ ಸಲ ಉಳಿದಿರುತ್ತದೆ. ಮುಕ್ತಾಯದ ಲೆಕ್ಕಪಟ್ಟಿ ಕೇಳಿ, ಪೂರ್ತಿ ಕಟ್ಟಿ, ಬಾಕಿ ಇಲ್ಲವೆಂಬ ಪತ್ರ ತೆಗೆದುಕೊಳ್ಳಿ. ಕಂತು ತಾನಾಗಿ ಕಡಿತವಾಗುವ ಆದೇಶವನ್ನೂ ರದ್ದು ಮಾಡಿಸಿ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ದಾಖಲೆಗಳನ್ನು ಕೊಡಬೇಕು, ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ ₹5,000 ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಇದೆ. ಸಾಲ ಪಡೆಯುವಾಗ ಕೊಟ್ಟ ದಾಖಲೆಗಳ ಪಟ್ಟಿ ಹಿಡಿದು, ಪುಟಪುಟ ಎಣಿಸಿಯೇ ಸಹಿ ಹಾಕಿ. ಒತ್ತೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಿದ್ದರೆ ಅದರ ಬಿಡುಗಡೆಯೂ ನೋಂದಣಿಯಾಗಬೇಕು. ಆಮೇಲೆ ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಇಸಿ (ಋಣಭಾರ ಪತ್ರ) ತೆಗೆದು, ಬಿಡುಗಡೆ ಅದರಲ್ಲಿ ಬಂದಿದೆಯೇ ನೋಡಿ. ಇದನ್ನು ಬಿಟ್ಟವರಿಗೆ ತೊಂದರೆ ಎದುರಾಗುವುದು ವರ್ಷಗಳ ನಂತರ, ಮಾರುವಾಗ.

ಉಡುಗೊರೆ ಬೇಡ ಅಂತ ಓಲೆಯಲ್ಲಿ ಹಾಕಿದ್ದು ತೆರಿಗೆ ದೃಷ್ಟಿಯಿಂದಲೂ ಒಳ್ಳೆಯದು. ಮದುವೆಯಲ್ಲಿ ಬಂದ ಉಡುಗೊರೆಗೆ ವಿನಾಯಿತಿ ಇದೆ, ಹುಟ್ಟುಹಬ್ಬಕ್ಕೆ ಇಲ್ಲ. ಸ್ನೇಹಿತರು, ಸಹೋದ್ಯೋಗಿಗಳಿಂದ ವರ್ಷದಲ್ಲಿ ಒಟ್ಟು ₹50,000 ದಾಟಿದರೆ ದಾಟಿದ ಭಾಗವಷ್ಟೇ ಅಲ್ಲ, ಪೂರ್ತಿ ಮೊತ್ತ ಆದಾಯಕ್ಕೆ ಸೇರುತ್ತದೆ. ತಾಯಿ, ಒಡಹುಟ್ಟಿದವರು ಕೊಟ್ಟದ್ದಕ್ಕೆ ಮಿತಿಯಿಲ್ಲ.

ಮನೆ ಈಗ ಪೂರ್ತಿ ನಿಮ್ಮದಾಯಿತಲ್ಲ, ವಿಲ್ ಕೂಡ ಬರೆದುಬಿಡಿ. ಅದಿಲ್ಲದಿದ್ದರೆ ಮದುವೆಯಾಗದ, ಮಕ್ಕಳಿಲ್ಲದ ಹಿಂದೂ ಹೆಣ್ಣಿನ ಸ್ವಂತ ಆಸ್ತಿ ಮೊದಲು ತಂದೆತಾಯಿಗೆ, ಅವರಿಲ್ಲದಿದ್ದರೆ ತಂದೆಯ ವಾರಸುದಾರರಿಗೆ ಹೋಗುತ್ತದೆ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಭದ್ರ. ಇಬ್ಬರು ಸಾಕ್ಷಿ ಬೇಕು, ಆಸ್ತಿಯಲ್ಲಿ ಪಾಲು ಪಡೆಯುವವರು ಸಾಕ್ಷಿ ಹಾಕದಿರುವುದೇ ಒಳ್ಳೆಯದು.

ಕೇಳಿದವರು:

ಎಲ್ಲರಿಗೂ ಕೈ ಮುಗಿದೆ. ಒಂದೇ ಅಳುಕು: ಅಪ್ಪ ಹೋದಮೇಲೆ ಮನೆಯ ಕಾರ್ಯಗಳಿಗೆಲ್ಲ ಅಣ್ಣನೇ ಕೂರುವುದು. ನಾನೇ ಕೂರುತ್ತೇನೆ ಅಂದರೆ ಅವನು ನೊಂದುಕೊಂಡರೆ?

ಮೈಸೂರಿನಿಂದ, ಸಮಾರಂಭದವರು:

ಓಲೆ ಅಚ್ಚಿಗೆ ಕೊಡುವ ಮೊದಲು ಅಣ್ಣನ ಮನೆಗೆ ನೀವೇ ಹೋಗಿ, ಕರಡು ತೋರಿಸಿ. ಫೋನಿನಲ್ಲಿ ಹೇಳುವ ಮಾತಲ್ಲ ಇದು. "ಅಣ್ಣಾ, ಮಣೆ ಮೇಲೆ ನಾನು ಕೂರುತ್ತೇನೆ, ನನ್ನ ಬಗ್ಗೆ ಮೊದಲು ಮಾತಾಡುವವನು ನೀನು" ಅಂತ ಹೇಳಿ. ಬರೀ ಬೇಡ ಅಂದರೆ ನೋವಾಗುತ್ತದೆ, ಅದರ ಜೊತೆಗೇ ಒಂದು ದೊಡ್ಡ ಕೆಲಸ ಒಪ್ಪಿಸಬೇಕು. ಅತ್ತಿಗೆಗೆ ಆರತಿ ತಟ್ಟೆ. ಅದು ಅವರ ಕೈಯಲ್ಲಿದ್ದರೆ ಉಳಿದ ಬಂಧುಗಳೂ ಸುಮ್ಮನಾಗುತ್ತಾರೆ.

ಇನ್ನೊಂದು ಯಾರೂ ಹೇಳಲಿಲ್ಲ. ಅಂದು ರಾತ್ರಿ ಎಂಟರ ಹೊತ್ತಿಗೆ ಎಲ್ಲರೂ ಹೊರಟು, ಮನೆ ಒಮ್ಮೆಲೇ ಬರಿದಾಗುತ್ತದೆ. ಒಬ್ಬ ಗೆಳತಿಯನ್ನು ಉಳಿದುಕೊಳ್ಳಲು ಈಗಲೇ ಕೇಳಿಡಿ, ಮರುದಿನಕ್ಕೆ ರಜೆ ಹಾಕಿ. ಆಮೇಲೆ ಎಲ್ಲಾದರೂ ಒಬ್ಬರೇ ಹೋಗಿಬರುವ ಯೋಚನೆಯಿದ್ದರೆ, ಕೆಲವು ಕ್ಷೇತ್ರಗಳ ವಸತಿಗೃಹಗಳಲ್ಲಿ ಒಬ್ಬರಿಗೆ ಕೊಠಡಿ ಕೊಡುವುದಿಲ್ಲ, ಫೋನು ಮಾಡಿ ಖಚಿತ ಮಾಡಿಕೊಂಡೇ ಹೊರಡಿ. ಶಕ್ತಿ ಯೋಜನೆಯ ಉಚಿತ ಪ್ರಯಾಣ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಿಗೆ ಮಾತ್ರ, ರಾಜಹಂಸ, ಐರಾವತಗಳಿಗೆ ಟಿಕೆಟ್ ತೆಗೆಯಬೇಕು.